ಆ ಅಕ್ಕಿ ಎಲ್ಲಿಯದು?

ಪ್ರೀತಿಸಿದವನ ದುಡ್ಡು ಎಲ್ಲಿಂದ ಬರುತ್ತದೆ ಎಂದು ಕೇಳುವುದು ಪ್ರೀತಿಗೆ ಕುಂದೋ, ಪ್ರೀತಿಯ ಕೆಲಸವೋ? ನಮ್ಮ ಪುರಾಣಗಳೂ ಶರಣರ ಕಥೆಗಳೂ ಹಿಂದೆಯೇ ಕೈಯಿಟ್ಟ ಈ ಪ್ರಶ್ನೆ ಈಗ ಅಮೆರಿಕದ ಮೋಟಾರ್‌ಸೈಕಲ್ ಕ್ಲಬ್ ಪ್ರೇಮಕಾದಂಬರಿಗಳಲ್ಲಿ ಹೊಸ ವೇಷ ತೊಟ್ಟು ಬಂದಿದೆ. 2013ರಲ್ಲಿ ಬಂದ ಜೊವಾನ್ನಾ ವೈಲ್ಡ್ ಅವರ ‘ರೀಪರ್ಸ್ ಪ್ರಾಪರ್ಟಿ’ಯನ್ನೇ ತೆಗೆದುಕೊಳ್ಳಿ. ಹೊಡೆಯುವ ಗಂಡನನ್ನು ಬಿಟ್ಟು ಬಂದ ಮೇರಿ ಒಡಹುಟ್ಟಿದವನ ಆಸರೆಯಲ್ಲಿದ್ದಾಳೆ. ಅವನೋ ರೀಪರ್ಸ್ ಎಂಬ ಬೈಕ್ ಕ್ಲಬ್ಬಿನ ಹಣ ನುಂಗಿ ಕೂತಿದ್ದಾನೆ. ಅವನ ಜೀವ ಉಳಿಯಬೇಕಾದರೆ ಇವಳು ಹಾರ್ಸ್ ಎಂಬ ಕ್ಲಬ್ಬಿನವನ ಮನೆ ಸೇರಬೇಕು. ಒತ್ತೆಯಾಗಿ ಹೋದವಳು ಮನದನ್ನೆಯಾಗುವುದೇ ಕಥೆ. ಈ ಜಾತಿಯ ಕಾದಂಬರಿಗಳಲ್ಲಿ ಕ್ಲಬ್ಬಿನವನು ತನ್ನವಳೆಂದು ಒಪ್ಪಿಕೊಂಡ ಹೆಣ್ಣಿಗೆ ‘ಓಲ್ಡ್ ಲೇಡಿ’ ಎಂದು ಹೆಸರು. ಅವಳ ಚರ್ಮದ ಜಾಕೀಟಿನ ಬೆನ್ನಿಗೆ ಇಂಥವನ ಸೊತ್ತು ಎಂದು ಸಾರುವ ಪಟ್ಟಿ. ಇದರ ಜೊತೆಗೆ ಇನ್ನೊಂದು ಕಟ್ಟಳೆಯೂ ಇದೆ. ಅದು ಕ್ಲಬ್ಬಿನ ವ್ಯವಹಾರ ಎಂದು ಗಂಡಸು ಹೇಳಿದ ಮೇಲೆ ಹೆಂಗಸು ಮುಂದೆ ಕೇಳುವಂತಿಲ್ಲ. ಓದುಗರ ಕಣ್ಣಿಗೆ ಮೊದಲು ಬೀಳುವುದು ಬೆನ್ನಿನ ಪಟ್ಟಿ. ನನಗೆ ಅದಕ್ಕಿಂತ ಕೆಟ್ಟದ್ದಾಗಿ ಕಾಣುವುದು ಬಾಯಿಯ ಬೀಗ. ಪಟ್ಟಿಯನ್ನು ಬಿಚ್ಚಿಡಬಹುದು, ಕೇಳುವುದನ್ನು ಬಿಟ್ಟವಳು ತಾನು ಯಾರನ್ನು ಪ್ರೀತಿಸುತ್ತಿದ್ದೇನೆಂದು ತಿಳಿಯುವ ದಾರಿಯನ್ನೇ ಕಳೆದುಕೊಳ್ಳುತ್ತಾಳೆ.

ಇದು ದೂರದ ಅಮೆರಿಕದ ಮಾತು, ಠಾಣೆ–ಡೊಂಬಿವಲಿಯ ಕನ್ನಡ ಮನೆಗಳಿಗೆ ಏನು ಸಂಬಂಧ ಎಂದರೆ, ಪುಸ್ತಕಕ್ಕೆ ಈಗ ಊರಿಲ್ಲ. ಕಲ್ಯಾಣದಿಂದ ಮುಂಬೈಗೆ ನಿತ್ಯ ಒಂದು ಗಂಟೆಗೂ ಮೀರಿ ಲೋಕಲ್‌ನಲ್ಲಿ ನಿಂತು ಹೋಗುವ ಹೆಣ್ಣಿಗೆ ಫೋನೇ ಗ್ರಂಥಾಲಯ. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರತಿಲಿಪಿಯಂಥ ತಾಣದಲ್ಲಿ ಇದೇ ಅಚ್ಚಿನ ಡಾನ್ ಪ್ರೇಮಿ, ರೌಡಿ ಪ್ರೇಮಿ ಕನ್ನಡದಲ್ಲೇ ಸಿಗುತ್ತಾನೆ. ಆದರೆ ಆ ಕ್ಲಬ್ಬಿನ ಜೋಡಿಯನ್ನು ಇಲ್ಲಿ ಹುಡುಕುವವರು ಭಾನುವಾರ ನಸುಕಿಗೆ ಕಲ್ಯಾಣ–ಮುರ್ಬಾಡ್ ದಾರಿಯಲ್ಲಿ ಮಾಲ್ಶೇಜ್ ಘಾಟಿಗೆ ಬುಲೆಟ್ ಏರಿ ಹೊರಡುವ ಹುಡುಗರನ್ನು ನೋಡಬಾರದು. ಅವರು ಮಳೆ ನೋಡಿ ಸಂಜೆಗೆ ಮನೆಗೆ ಮರಳುವವರು. ಕಾದಂಬರಿಯ ಕ್ಲಬ್ಬಿಗೆ ಇಲ್ಲಿಯ ಸರಿಯಾದ ಹೆಸರು ಹಫ್ತಾ ವಸೂಲಿಯ ಗ್ಯಾಂಗು. ಅಲ್ಲೂ ಅಣ್ಣತಮ್ಮಂದಿರ ಭಾಷೆ, ಅಲ್ಲೂ ಬಾಯಿಬಿಡಬಾರದೆಂಬ ಕಟ್ಟು, ಅಲ್ಲೂ ಒಬ್ಬ ‘ಭಾಯಿ’.

ಮುಂಬೈ ಮತ್ತು ಠಾಣೆಯ ಕನ್ನಡಿಗ, ತುಳುವ ಹೋಟೆಲಿಗರಿಗೆ ಆ ಭಾಷೆ ಬರೀ ಕಥೆಯಾಗಿರಲಿಲ್ಲ. 1990ರ ದಶಕದಲ್ಲಿ ಹೋಟೆಲು, ಬಾರು, ಕಟ್ಟಡದ ವ್ಯವಹಾರ ನಡೆಸುವವರಿಗೆ ಫೋನ್ ಗಂಟೆ ಬಾರಿಸಿದರೇ ಎದೆ ಹಾರುವ ಕಾಲವಿತ್ತು. ಮಹಾರಾಷ್ಟ್ರ 1999ರಲ್ಲಿ ಸಂಘಟಿತ ಅಪರಾಧ ತಡೆಯುವ ‘ಮೋಕಾ’ ಕಾಯ್ದೆ ತಂದದ್ದು ಆ ಹಿನ್ನೆಲೆಯಲ್ಲೇ. ಉಡುಪಿಯ ಕಡೆಯ ಹಳ್ಳಿಯಿಂದ ಹುಡುಗನಾಗಿ ಬಂದು, ಮೋರಿಯಲ್ಲಿ ಪಾತ್ರೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ವರ್ಷಾನುಗಟ್ಟಲೆ ದುಡಿದು ಗಲ್ಲಾದ ಹಿಂದೆ ಕೂತವನ ಆ ಗಲ್ಲಾದಿಂದಲೇ ಭಾಯಿಯ ಹಣ ಹೋಗಬೇಕು. ಕಾದಂಬರಿ ಓದುವಾಗ ನಮ್ಮ ಕಣ್ಣು ಹಾರ್ಸ್‌ನ ತೋಳಿನ ಮೇಲೆ, ಮೇರಿಯ ತಲ್ಲಣದ ಮೇಲೆ ನೆಟ್ಟಿರುತ್ತದೆ. ಕ್ಲಬ್ಬು ಯಾರಿಂದ ಕಿತ್ತುಕೊಂಡಿತೋ ಅವನಿಗೆ ಹೆಸರಿಲ್ಲ, ಹೆಂಡತಿ ಮಕ್ಕಳಿಲ್ಲ. ಇದ್ದರೂ ಅವನು ಇನ್ನೊಂದು ಕ್ಲಬ್ಬಿನ ದುಷ್ಟ. ನಾಯಕ ಕೆಟ್ಟವರಿಗೆ ಮಾತ್ರ ಕೆಟ್ಟವನು ಎಂಬ ಏರ್ಪಾಟಿಲ್ಲದೆ ಈ ಪ್ರೇಮ ನಿಲ್ಲುವುದಿಲ್ಲ. ಗಲ್ಲಾದ ಹಿಂದಿನ ಮನುಷ್ಯನನ್ನು ಒಮ್ಮೆ ಪುಟದೊಳಕ್ಕೆ ಬಿಟ್ಟರೆ ನಾಯಕಿ ಅವನ ಮುಖ ನೋಡಬೇಕಾಗುತ್ತದೆ. ನೋಡಿದ ಮೇಲೆ ಕೇಳದಿರುವುದು ಕಷ್ಟ.

ಕೇಳುವ ಈ ಪ್ರಶ್ನೆಗೆ ನಮ್ಮಲ್ಲಿ ಎಲ್ಲರೂ ಬಲ್ಲ ಒಂದು ಕಥೆಯಿದೆ. ದಾರಿಹೋಕರನ್ನು ದೋಚುತ್ತಿದ್ದವನಿಗೆ ನಾರದರು, ನಿನ್ನ ಪಾಪದಲ್ಲಿ ಮನೆಯವರು ಪಾಲು ತೆಗೆದುಕೊಳ್ಳುತ್ತಾರೋ ಕೇಳಿ ಬಾ ಎನ್ನುತ್ತಾರೆ. ಹೆಂಡತಿ ಮಕ್ಕಳು ಒಲ್ಲೆವೆನ್ನುತ್ತಾರೆ. ಅವನು ಕುಸಿದು ಕೂತು ಜಪಕ್ಕೆ ತೊಡಗಿ ವಾಲ್ಮೀಕಿಯಾಗುತ್ತಾನೆ. ಇದು ವಾಲ್ಮೀಕಿ ರಾಮಾಯಣದಲ್ಲಿ ಇಲ್ಲ. ಆಮೇಲಿನ ಅಧ್ಯಾತ್ಮ ರಾಮಾಯಣದಲ್ಲಿದೆ, ಅಲ್ಲಿ ಕೇಳುವವರು ಏಳು ಋಷಿಗಳು. ಆದಿಕವಿಯನ್ನು ದರೋಡೆಕೋರನೆನ್ನುವುದನ್ನು ಅವರನ್ನು ಕುಲಗುರುವೆಂದು ನಂಬಿದವರು ಒಪ್ಪುವುದಿಲ್ಲ, ಆ ನೋವು ನ್ಯಾಯವಾದದ್ದು. ಇದನ್ನು ಚರಿತ್ರೆಯೆಂದಲ್ಲ, ಒಂದು ದೃಷ್ಟಾಂತವೆಂದಷ್ಟೇ ಇಲ್ಲಿ ಎತ್ತುತ್ತಿದ್ದೇನೆ. ಇದನ್ನು ಹೇಳುವವರೆಲ್ಲ ಆ ಹೆಂಡತಿಯನ್ನು ಸ್ವಾರ್ಥಿಯೆಂದು ಬದಿಗೆ ಸರಿಸುತ್ತಾರೆ. ಆ ಬೇಟೆಯ ಅನ್ನವನ್ನು ಉಂಡವಳು, ಪಾಪ ಬಂದಾಗ ಕೈತೊಳೆದುಕೊಂಡಳು ಎಂಬುದು ನಿಜ. ಕ್ಲಬ್ಬಿನ ಕಾದಂಬರಿಯ ನಾಯಕಿ ಇವಳಿಗಿಂತ ಒಂದು ಮೆಟ್ಟಿಲು ಮೇಲೆ ಎಂದೂ ಒಪ್ಪಬೇಕು. ಅವಳು ನಿನ್ನ ನರಕಕ್ಕೂ ಬರುತ್ತೇನೆ ಎನ್ನುತ್ತಾಳೆ. ಗಂಡ ಜೈಲಿಗೆ ಹೋದರೆ ಬಾಗಿಲಲ್ಲಿ ಕಾಯುತ್ತಾಳೆ. ಆದರೆ ಪಾಲಿಗೆ ಬರುವ ಸಾಲ ಎಷ್ಟೆಂದು ಕೇಳದೆ ಸಹಿ ಹಾಕುವುದು ಪಾಲುದಾರಿಕೆಯಲ್ಲ. ವಾಲ್ಮೀಕಿಯ ಹೆಂಡತಿ ತಡವಾಗಿಯಾದರೂ ಪ್ರಶ್ನೆಯನ್ನು ಎದುರಿಸಿದಳು, ಅವಳ ಒರಟು ಉತ್ತರವೇ ಗಂಡನನ್ನು ಕದಲಿಸಿತು. ಮೇರಿಗೆ ಪ್ರಶ್ನೆಯೇ ತಲುಪುವುದಿಲ್ಲ.

ನಿಷ್ಠೆ ಸಣ್ಣ ಗುಣವಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದ ಭಾಷೆ ನಮ್ಮದು. ದುರ್ಯೋಧನನ ಅನ್ನದ ಋಣಕ್ಕೆ ಹೆತ್ತ ತಾಯಿಯ ಮಾತನ್ನೂ ಮೀರಿದ ಕರ್ಣನಿಗಾಗಿ ಕನ್ನಡ ಕವಿಗಳು ಮರುಗಿದ್ದಾರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಒಂದು ಕಂಬ ನಿಂತಿದೆ. ಒಡೆಯನೊಡನೆ ಸಾಯುವ ವ್ರತ ತೊಟ್ಟವರನ್ನು ಹೊಯ್ಸಳರ ಕಾಲದಲ್ಲಿ ಗರುಡರು ಎನ್ನುತ್ತಿದ್ದರು. 1220ರ ಸುಮಾರಿಗೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ದಂಡನಾಯಕ ಕುವರ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಅವನ ಭಟರಾದ ಲೆಂಕರೂ ಪ್ರಾಣ ಕೊಟ್ಟರೆಂದು ಅಲ್ಲಿಯ ಶಾಸನ ಹೇಳುತ್ತದೆ. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಶಿಲ್ಪವೂ ಆ ಕಂಬದ ಮೇಲಿದೆ. ಗಂಡಸರ ಆಣೆಯ ಕೂಟ, ಅದರೊಳಗೆ ಒಬ್ಬ ಹೆಣ್ಣು: ಕ್ಲಬ್ಬಿನ ಕಾದಂಬರಿಕಾರರು ಕನಸು ಕಾಣುವುದು ಇದನ್ನೇ, ಅವರಿಗೆ ಈ ಕಂಬ ಗೊತ್ತಿಲ್ಲದಿದ್ದರೂ. ಸುಗ್ಗಲದೇವಿಯ ಮುಂದೆ ತಲೆ ಬಾಗುತ್ತದೆ. ಆದರೆ ಅವಳು ಏನನ್ನು ಕೇಳಿದಳು, ಯಾವುದಕ್ಕೆ ಒಪ್ಪಿದಳು ಎಂಬುದು ಕಲ್ಲಿನಲ್ಲಿ ಇಲ್ಲ. ಆಣೆ ಎಂಬುದರ ಸ್ವಭಾವವೇ ಅದು. ಒಮ್ಮೆ ಇಟ್ಟ ಮೇಲೆ ಮುಂದಿನ ಪ್ರಶ್ನೆಗಳನ್ನೆಲ್ಲ ಮುಂಚಿತವಾಗಿಯೇ ಮುಚ್ಚಿಬಿಡುತ್ತದೆ. ಉಂಡ ಮನೆಯ ಗಾದೆಯೂ ಅಷ್ಟೇ. ಆ ಮನೆಗೆ ಅಕ್ಕಿ ಎಲ್ಲಿಂದ ಬಂತೆಂದು ಅದು ವಿಚಾರಿಸುವುದಿಲ್ಲ.

ವಿಚಾರಿಸಿದವಳು ಇನ್ನೊಬ್ಬಳು, ಇನ್ನೊಂದು ಕಲ್ಯಾಣದವಳು. ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ 12ನೇ ಶತಮಾನದಲ್ಲಿ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಬಂದ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಬಸವಣ್ಣನವರು ಪರೀಕ್ಷೆಗೆಂದು ಹೆಚ್ಚು ಅಕ್ಕಿ ಚೆಲ್ಲಿಸುತ್ತಾರೆ, ಅವನು ಹೆಚ್ಚೇ ಆಯ್ದು ತರುತ್ತಾನೆ. ಲಕ್ಕಮ್ಮ ಚೀಲ ನೋಡಿಯೇ ಕೇಳುತ್ತಾಳೆ, ಹೆಚ್ಚಿನದನ್ನು ಮೊದಲಿದ್ದಲ್ಲೇ ಸುರಿದು ಬಾ ಎನ್ನುತ್ತಾಳೆ. ಅದು ಕದ್ದದ್ದಲ್ಲ, ಯಾರ ಗಲ್ಲಾದಿಂದಲೂ ಕಿತ್ತದ್ದಲ್ಲ. ಅಗತ್ಯಕ್ಕಿಂತ ಹೆಚ್ಚಾದದ್ದು, ಅಷ್ಟೇ. ಆದರೂ ಅವಳು ಗಂಡನ ವ್ಯವಹಾರ ಎಂದು ಸುಮ್ಮನಾಗಲಿಲ್ಲ. ಅವಳ ಪ್ರಶ್ನೆಯಲ್ಲಿ ಅನುಮಾನವಿಲ್ಲ, ಲೆಕ್ಕ ಕೇಳುವ ಅಧಿಕಾರವೂ ಇಲ್ಲ. ಈ ಅನ್ನವನ್ನು ನಾವಿಬ್ಬರೂ ಉಣ್ಣುತ್ತೇವೆ, ಆದ್ದರಿಂದ ಇದು ನನ್ನದೂ ಎಂಬ ಹಕ್ಕಿದೆ. ಪ್ರೀತಿ ಪಾಲುದಾರಿಕೆಯಾಗುವುದು ಇಲ್ಲಿ. ಗಂಡನ ಪಾಪದಲ್ಲಿ ಪಾಲು ಬೇಡವೆಂದವಳೂ ಅಲ್ಲ ಇವಳು, ಕೇಳದೆ ಪಾಲು ಹೊತ್ತವಳೂ ಅಲ್ಲ. ಪಾಪವಾಗುವ ಮೊದಲೇ ಚೀಲಕ್ಕೆ ಕೈಹಾಕಿದವಳು.

ಇದಕ್ಕೆ ಬರುವ ಮೊದಲ ಆಕ್ಷೇಪ, ಕಥೆಯನ್ನು ಕಥೆಯಾಗಿ ಓದಿ ಎಂಬುದು. ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್‌ವೇ 1984ರ ‘ರೀಡಿಂಗ್ ದ ರೊಮಾನ್ಸ್’ನಲ್ಲಿ, ಪ್ರೇಮಕಾದಂಬರಿ ಓದುವ ಗೃಹಿಣಿಯರಿಗೆ ಆ ಓದೇ ತಮಗಾಗಿ ಕದ್ದಿಟ್ಟುಕೊಂಡ ಹೊತ್ತು ಎಂದು ತೋರಿಸಿದರು. ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. 1992ರಲ್ಲಿ ಮಧ್ಯ ರೈಲ್ವೆ ಕಲ್ಯಾಣ ದಾರಿಯಲ್ಲಿ ಮಹಿಳೆಯರಿಗೆಂದೇ ಒಂದು ಇಡೀ ಲೋಕಲ್ ಓಡಿಸಬೇಕಾಯಿತು ಎಂಬುದರಲ್ಲೇ, ಸಾಮಾನ್ಯ ಡಬ್ಬದ ನೂಕುನುಗ್ಗಲಿನಲ್ಲಿ ಹೆಣ್ಣು ಏನು ಅನುಭವಿಸುತ್ತಾಳೆ ಎಂಬುದಿದೆ. ಹಿಂಸೆ ಹೇಗೂ ಸುತ್ತಲಿರುವ ಊರಿನಲ್ಲಿ ಆ ಹಿಂಸೆ ಒಮ್ಮೆಯಾದರೂ ತನ್ನ ಪರವಾಗಿ ನಿಲ್ಲಲಿ ಎಂದು ಬಯಸುವವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಮೇರಿಯ ಬಗಲಲ್ಲಿ ಹಾರ್ಸ್ ನಿಂತರೆ ಹಳೆಯ ಗಂಡ ಮತ್ತೆ ಕೈಯೆತ್ತಲಾರ. ಓದುವವಳಿಗೆ ಅಷ್ಟೇ ಸಾಕು, ಅದರಲ್ಲಿ ನಾಚಿಕೆಯೂ ಇಲ್ಲ. ನನ್ನ ತಕರಾರು ಕನಸಿನ ಬೆಲೆಯ ಬಗ್ಗೆ. ರಕ್ಷಣೆ ಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಹೊಡೆಯುವ ಗಂಡನೂ ಹಾಕುವ ಷರತ್ತೇ. ಮೇರಿ ಬಿಟ್ಟು ಬಂದ ಮನೆಗೂ ಸೇರಿದ ಮನೆಗೂ ಬಾಗಿಲು ಬೇರೆ, ಬೀಗ ಒಂದೇ.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಪ್ರೀತಿಯಿಂದ ಅವನು ಬದಲಾಗುತ್ತಾನಲ್ಲ? ಕ್ರಿಸ್ಟನ್ ಆಶ್ಲಿಯವರ ‘ಮೋಟಾರ್‌ಸೈಕಲ್ ಮ್ಯಾನ್’ 2012ರದು. ಅದರ ನಾಯಕ ಟ್ಯಾಕ್ ಡೆನ್ವರಿನ ಕೇಯಾಸ್ ಕ್ಲಬ್ಬಿನ ಮುಖ್ಯಸ್ಥ, ಕ್ಲಬ್ಬನ್ನು ಕೊಳಕು ವ್ಯವಹಾರದಿಂದ ಹೊರಗೆ ತಂದವನು. 1995ರ ಉಪೇಂದ್ರರ ‘ಓಂ’ ಚಿತ್ರದಲ್ಲೂ ಲಾಂಗು ಹಿಡಿದ ಸತ್ಯನನ್ನು ಮಾಧುರಿ ಹೊರಗೆಳೆಯಲು ಹೆಣಗುತ್ತಾಳೆ. ಮನುಷ್ಯ ಬದಲಾಗುತ್ತಾನೆ ಎಂಬ ನಂಬಿಕೆಯಿಲ್ಲದಿದ್ದರೆ ಅಂಗುಲಿಮಾಲನ ಕಥೆಗೂ ಅರ್ಥವಿಲ್ಲ. ಆದರೆ ಈ ಉದಾಹರಣೆಗಳು ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತವೆ. ಓದುವವಳು ನೆಮ್ಮದಿಯಿಂದ ಪ್ರೀತಿಸಲೆಂದು ಕಾದಂಬರಿಕಾರ್ತಿ ಟ್ಯಾಕ್‌ನ ಕೈತೊಳೆಸಬೇಕಾಯಿತು ಎಂದಮೇಲೆ, ಪ್ರಶ್ನೆ ಇತ್ತೆಂದು ಆಕೆಗೂ ಗೊತ್ತು. ನಾಯಕಿ ಕೇಳಬೇಕಾದದ್ದನ್ನು ತಾನೇ ಸದ್ದಿಲ್ಲದೆ ಕೇಳಿ ಮುಗಿಸಿದ್ದಾಳೆ. ಅಂಗುಲಿಮಾಲ ಬುದ್ಧನ ಅಪ್ಪುಗೆಯಿಂದ ಬದಲಾಗಲಿಲ್ಲ. ನಾನು ನಿಂತಿದ್ದೇನೆ, ನೀನು ಯಾವಾಗ ನಿಲ್ಲುತ್ತೀಯೆ ಎಂಬ ತಡೆಯಿಂದ ಬದಲಾದ.

ಇನ್ನು, ಕಾನೂನುಬದ್ಧ ಸಂಪತ್ತೆಲ್ಲ ಶುದ್ಧವೇ, ಗ್ಯಾಂಗಿನವನ ಹೆಂಡತಿಯನ್ನೇ ಏಕೆ ಕಟಕಟೆಗೆ ನಿಲ್ಲಿಸುತ್ತೀರಿ ಎಂದು ಕೇಳುವವರಿಗೆ ನವಿಮುಂಬೈಯೇ ಉತ್ತರ. 1970ರಲ್ಲಿ ಹುಟ್ಟಿದ ಸರಕಾರಿ ನಿಗಮ ಸಿಡ್ಕೊ 95 ಹಳ್ಳಿಗಳ ನೆಲದ ಮೇಲೆ ಆ ನಗರವನ್ನು ಕಟ್ಟಲು ಹೊರಟಿತು. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಎದ್ದ ರೈತರ ಮೇಲೆ ಉರಣದ ಬಳಿ ಪೊಲೀಸರು ಗುಂಡು ಹಾರಿಸಿದರು, ಐವರು ಸತ್ತರು. ಆಮೇಲೆಯೇ ಭೂಮಿ ಕಳೆದುಕೊಂಡವರಿಗೆ ಶೇ. 12.5ರಷ್ಟು ಬೆಳೆಸಿದ ಜಾಗ ಮರಳಿಸುವ ಯೋಜನೆ ಬಂದದ್ದು. ವಾಶಿ, ನೆರೂಳ್, ಬೇಲಾಪುರದ ಫ್ಲ್ಯಾಟುಗಳಲ್ಲಿ ನ್ಯಾಯವಾಗಿ ಸಾಲ ತೀರಿಸಿದ ಕನ್ನಡ ಸಂಸಾರಗಳೂ ಆ ನೆಲದ ಮೇಲೆಯೇ ಅನ್ನ ಬೇಯಿಸುತ್ತವೆ. ಅವರು ಅಪರಾಧಿಗಳಲ್ಲ. ಆದರೆ ಲಕ್ಕಮ್ಮನ ಪ್ರಶ್ನೆ ಅವರ ಮನೆಯ ಹೊಸಿಲನ್ನೂ ದಾಟುತ್ತದೆ, ಅದಕ್ಕೇ ಅದು ಗ್ಯಾಂಗಿನವನ ಮನೆಯೊಳಗೂ ಹೋಗಬಲ್ಲದು. ಕೆಟ್ಟವರಿಗಷ್ಟೇ ಹಾಕುವ ಪ್ರಶ್ನೆಯಾಗಿದ್ದರೆ ಅದು ಬರೀ ಬೈಗುಳವಾಗುತ್ತಿತ್ತು.

ಕೇಳಿದರೆ ಪ್ರೀತಿ ಮುರಿಯುತ್ತದೆ ಎಂಬ ಭಯ ಈ ಕಾದಂಬರಿಗಳ ತಳದಲ್ಲಿದೆ. ನಾಯಕಿ ಕೇಳಿದ ಅಧ್ಯಾಯದಲ್ಲೇ ಜಗಳ, ಮುಂದಿನದರಲ್ಲಿ ಅಗಲಿಕೆ. ಲಕ್ಕಮ್ಮ ಕೇಳಿದ ದಿನ ಮಾರಯ್ಯ ಚೀಲ ಹೊತ್ತು ಮರಳಿ ನಡೆದ, ಹೆಚ್ಚಿನ ಅಕ್ಕಿ ಸುರಿದು ಮನೆಗೆ ಬಂದ. ಉಳಿದ ಹಿಡಿ ಅಕ್ಕಿಯಲ್ಲೇ ಆ ಇಬ್ಬರು ಸೇರಿ ಬಸವಣ್ಣನವರಿಗೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೂ ಉಣಬಡಿಸಿದರೆಂದು ಶರಣರ ಕಥೆ ಹೇಳುತ್ತದೆ.