ಬಾಳಿದ ವರ್ಷಗಳ ಹಕ್ಕು

ಕೆನಡಾದಲ್ಲಿ ಓದಿ ಕೆಲಸಕ್ಕೆ ಸೇರಿದ ನಮ್ಮ ಹುಡುಗ ಹುಡುಗಿಯರ ಮಾತು ಬೇಗನೆ ಪಿಆರ್‌ಗೆ, ಅಂದರೆ ಕಾಯಂ ವಾಸದ ಅನುಮತಿಗೆ, ಬಂದು ನಿಲ್ಲುತ್ತದೆ. ಅದಕ್ಕೆ ಇರುವ ಮುಖ್ಯ ದಾರಿ 2015ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಎಂಟ್ರಿ. ಅಲ್ಲಿ ಪ್ರತಿಯೊಬ್ಬರಿಗೂ 1200ಕ್ಕೆ ಇಷ್ಟು ಎಂದು ಅಂಕ. ಒಂಟಿಯಾಗಿ ಅರ್ಜಿ ಹಾಕುವವರ ವಯಸ್ಸು 20ರಿಂದ 29ರೊಳಗಿದ್ದರೆ ಅದೊಂದಕ್ಕೇ 110 ಸಿಗುತ್ತದೆ. ಮೂವತ್ತು ತುಂಬಿದರೆ 105, ಮರುವರ್ಷ 99, ಹೀಗೆ ಇಳಿಯುತ್ತ 45ಕ್ಕೆ ಸೊನ್ನೆ. ಕೆನಡಾದಲ್ಲಿ ಮಾಡಿದ ಕೆಲಸಕ್ಕೆ ಮೊದಲ ವರ್ಷ 40, ಐದು ವರ್ಷವಾದರೆ 80. ಅಲ್ಲಿಗೆ ಏರಿಕೆ ನಿಂತಿತು. ಆರನೆಯ ವರ್ಷದ ದುಡಿಮೆಗೆ ಒಂದಂಕವೂ ಇಲ್ಲ, ಮೂವತ್ತರಾಚೆ ಆ ವರ್ಷ ಏರಿದ ವಯಸ್ಸಿಗೆ ಮಾತ್ರ ಕನಿಷ್ಠ ಐದು ಅಂಕ ಕಡಿತ. ಮೂವತ್ತು ದಾಟಿದವರು ಅಲ್ಲಿ ಐದು ವರ್ಷ ದುಡಿದ ಮೇಲೆ, ಇನ್ನೂ ಇದ್ದಷ್ಟೂ ಆ ದೇಶದ ಪಟ್ಟಿಯಲ್ಲಿ ಕೆಳಗಿಳಿಯುತ್ತ ಹೋಗುತ್ತಾರೆ.

ಈ ಲೆಕ್ಕದ ಬುಡದಲ್ಲಿರುವ ವಿಚಾರವೇ ತಪ್ಪು ಎಂದು ನಾನು ವಾದಿಸುತ್ತೇನೆ. ಇನ್ನು ಮುಂದೆ ಈ ವ್ಯಕ್ತಿಯಿಂದ ದೇಶಕ್ಕೆ ಎಷ್ಟು ಲಾಭ ಎಂಬುದೊಂದೇ ಅದು ಕೇಳುವ ಪ್ರಶ್ನೆ. ಆಗಲೇ ಬಾಳಿಯಾದ ವರ್ಷಗಳಿಂದ ಒಂದು ಹಕ್ಕು ಹುಟ್ಟುತ್ತದೆ ಎಂಬುದನ್ನು ಅದು ಕಾಣುವುದೇ ಇಲ್ಲ. ಹೊರಗಿನಿಂದ ಬಾಗಿಲು ತಟ್ಟುತ್ತಿರುವವರನ್ನು ಹೀಗೆ ತೂಗಿ ನೋಡುವುದಾದರೆ ನೋಡಲಿ. ಕೆನಡಾ 1967ರಲ್ಲಿ ಅಂಕ ಪದ್ಧತಿ ತಂದದ್ದು ಜನಾಂಗ, ಹುಟ್ಟಿದ ದೇಶ ನೋಡಿ ಆರಿಸುವ ಹಳೆಯ ಅನ್ಯಾಯವನ್ನು ತೊಲಗಿಸಲೆಂದು. ಅದು ದೊಡ್ಡ ಹೆಜ್ಜೆಯೇ. ಆದರೆ ಒಳಗೆ ಬಂದು, ಸ್ಥಳೀಯರಿಗಿಂತ ಹಲವು ಪಟ್ಟು ಶುಲ್ಕ ಕಟ್ಟಿ ಓದಿ, ಅಲ್ಲೇ ತೆರಿಗೆ ಕಟ್ಟುತ್ತ ಮನೆ ಮಾಡಿಕೊಂಡವರನ್ನು ಮತ್ತೆ ಹೊಸಿಲಾಚೆ ನಿಲ್ಲಿಸಿ ಅದೇ ತಕ್ಕಡಿಯಲ್ಲಿ ತೂಗುವುದು ಬೇರೆಯೇ ಸಂಗತಿ.

ಆ ತಕ್ಕಡಿ ಯೋಗ್ಯತೆಯನ್ನಾದರೂ ಅಳೆಯುತ್ತದೆಯೇ? 2021ರ ಫೆಬ್ರುವರಿ 13ರಂದು, ಕೋವಿಡ್‌ನಿಂದ ಗಡಿಗಳು ಮುಚ್ಚಿದ್ದಾಗ, ಕೆನಡಾದಲ್ಲಿ ಕೆಲಸ ಮಾಡಿದ ಅನುಭವವಿದ್ದ 27,332 ಮಂದಿಯನ್ನು ಒಂದೇ ಡ್ರಾದಲ್ಲಿ, ಅಂದರೆ ಒಂದೇ ಸುತ್ತಿನ ಆಯ್ಕೆಯಲ್ಲಿ, ಪಿಆರ್ ಅರ್ಜಿಗೆ ಕರೆದರು. ಅಂದಿನ ಕಟ್‌ಆಫ್, ಅಂದರೆ ಕರೆ ಬರಲು ಬೇಕಿದ್ದ ಕನಿಷ್ಠ ಅಂಕ, 75. ಅದೇ ವರ್ಗದವರಿಗೆ 2025ರಲ್ಲಿ ಕಟ್‌ಆಫ್ 500 ದಾಟಿತ್ತು. ಈ ನಾಲ್ಕು ವರ್ಷಗಳಲ್ಲಿ ಬದಲಾದದ್ದು ಸರ್ಕಾರದ ಅಗತ್ಯ. 2025ಕ್ಕೆ ಐದು ಲಕ್ಷ ಜನರಿಗೆ ಪಿಆರ್ ಕೊಡುವ ಗುರಿ ಇಟ್ಟುಕೊಂಡಿದ್ದ ದೇಶ 2024ರ ಅಕ್ಟೋಬರಿನಲ್ಲಿ ಅದನ್ನು 3,95,000ಕ್ಕೆ ಇಳಿಸಿತು. 2025ರ ಮಾರ್ಚ್ 25ರಂದು ಉದ್ಯೋಗದ ಆಫರ್‌ಗೆ ಕೊಡುತ್ತಿದ್ದ ಅಂಕಗಳನ್ನು ತೆಗೆದುಹಾಕಿದಾಗ ಅವನ್ನೇ ನಂಬಿದ್ದವರ ಸ್ಕೋರಿನಿಂದ ಒಮ್ಮೆಗೇ 50, ಕೆಲವರಿಗೆ 200 ಅಂಕ ಹೋಯಿತು. ಅವರು ಹಿಂದಿನ ದಿನ ಮಾಡುತ್ತಿದ್ದ ಕೆಲಸವನ್ನೇ ಅಂದೂ ಮಾಡುತ್ತಿದ್ದರು. ಪಿಆರ್ ಇನ್ನೂ ಯಾಕಾಗಿಲ್ಲ ಎಂದು ಫೋನಿನಲ್ಲಿ ಮಕ್ಕಳನ್ನು ಕೇಳುವ ತಂದೆ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ಈ ಸೋಲು ಮಕ್ಕಳದಲ್ಲ.

ಬಾಳಿದ ವರ್ಷಗಳಿಂದ ಹಕ್ಕು ಹುಟ್ಟುತ್ತದೆಯೇ ಎಂಬ ಪ್ರಶ್ನೆ ಬಹಳ ಹಳೆಯದು. ಅರಿಸ್ಟಾಟಲ್ ಸ್ತಗಿರಾ ಎಂಬ ಉತ್ತರದ ಊರಿನಿಂದ ಹದಿನೇಳರ ವಯಸ್ಸಿನಲ್ಲಿ ಓದಲೆಂದು ಅಥೆನ್ಸ್‌ಗೆ ಬಂದ. ಪ್ಲೇಟೋನ ಅಕಾಡೆಮಿಯಲ್ಲಿ ಇಪ್ಪತ್ತು ವರ್ಷ ಇದ್ದ. ಕೆಲವು ವರ್ಷ ಹೊರಗಿದ್ದು ಮತ್ತೆ ಬಂದು ಲೈಸಿಯಮ್‌ನಲ್ಲಿ ಹನ್ನೆರಡು ವರ್ಷ ಪಾಠ ಹೇಳಿದ. ಬದುಕಿನ ಅರ್ಧದಷ್ಟನ್ನು ಆ ನಗರಕ್ಕೆ ಕೊಟ್ಟರೂ ಅವನು ಅಲ್ಲಿ ಮೆಟಿಕ್, ಅಂದರೆ ನೆಲೆಸಿದ ಪರದೇಶಿ. ಮೆಟಿಕರು ವಿಶೇಷ ತಲೆಗಂದಾಯ ಕಟ್ಟಬೇಕಿತ್ತು, ಭೂಮಿ ಕೊಳ್ಳುವಂತಿರಲಿಲ್ಲ. ಮ್ಯಾಸಿಡೋನಿಯಾದ ದೊರೆ ಅಲೆಕ್ಸಾಂಡರ್ ಸತ್ತು ಆ ನಾಡಿನ ನಂಟಿದ್ದ ಅವನಂಥವರ ಮೇಲೆ ಸಿಟ್ಟು ಹೊತ್ತಿಕೊಂಡಾಗ ಅವನು ನಗರ ಬಿಡಬೇಕಾಯಿತು. ಮರುವರ್ಷ ಕಾಲ್ಕಿಸ್‌ನಲ್ಲಿ ತೀರಿಕೊಂಡ. ಒಂದು ಸ್ಥಳದಲ್ಲಿ ವಾಸವಿದ್ದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ ಎಂದು ‘ಪಾಲಿಟಿಕ್ಸ್’ ಗ್ರಂಥದಲ್ಲಿ ಬರೆದವನೂ ಅವನೇ. ಆ ಮಾತನ್ನು ಅವನ ಬದುಕಿನ ಪಕ್ಕದಲ್ಲಿಟ್ಟು ಓದಿದಾಗ ನನಗೆ ಸಂಕಟವಾಗುತ್ತದೆ.

ಅರಿಸ್ಟಾಟಲ್‌ನ ಆ ಮಾತಿಗೆ ಎದುರಾಗಿ 1983ರಲ್ಲಿ ರಾಜಕೀಯ ಚಿಂತಕ ಮೈಕಲ್ ವಾಲ್ಜರ್ ‘ಸ್ಫಿಯರ್ಸ್ ಆಫ್ ಜಸ್ಟಿಸ್’ನಲ್ಲಿ ಯುರೋಪಿನ ಅತಿಥಿ ಕಾರ್ಮಿಕರನ್ನು ಮುಂದಿಟ್ಟುಕೊಂಡು ವಾದ ಹೂಡಿದರು. ಹೊಸಬರನ್ನು ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಸಮುದಾಯಕ್ಕಿದೆ ಎಂದು ಅವರೂ ಒಪ್ಪುತ್ತಾರೆ. ಆದರೆ ದುಡಿಮೆಗೆಂದು ಒಳಗೆ ಕರೆದುಕೊಂಡವರಿಗೆ ಪೌರತ್ವದ ದಾರಿ ತೆರೆದಿರಲೇಬೇಕು, ಇಲ್ಲದಿದ್ದರೆ ಪ್ರಜಾಪ್ರಭುತ್ವದೊಳಗೇ ಆಳುವವರು, ಆಳಿಸಿಕೊಳ್ಳುವವರು ಎಂಬ ಎರಡು ಜಾತಿ ಹುಟ್ಟುತ್ತದೆ ಎನ್ನುತ್ತಾರೆ. ಜೋಸೆಫ್ ಕ್ಯಾರೆನ್ಸ್ ಇನ್ನೂ ಮುಂದೆ ಹೋಗಿ, ಕಾಲ ಕಳೆದಂತೆ ಉಳಿಯುವ ನೈತಿಕ ಹಕ್ಕು ಬಲಿಯುತ್ತದೆ ಎಂದು ಹೇಳಿದರು. ಕ್ಯಾರೆನ್ಸ್ ಪಾಠ ಮಾಡಿದ್ದು ಅದೇ ಕೆನಡಾದ ಟೊರೊಂಟೊದಲ್ಲಿ.

ತಾತ್ಕಾಲಿಕ ಎಂದು ತಿಳಿದೇ ಹೋದವರಲ್ಲವೇ, ಸಹಿ ಹಾಕಿದ ಮೇಲೆ ದೂರುವುದೇಕೆ ಎಂಬ ಆಕ್ಷೇಪ ಮೊದಲು ಬರುತ್ತದೆ. ಇಪ್ಪತ್ತೆರಡರಲ್ಲಿ ಹಾಕಿದ ಸಹಿ ಒಪ್ಪುವುದು ಆ ಹೊತ್ತಿನ ಷರತ್ತನ್ನು. ಮುಂದೆ ಅಲ್ಲೇ ಮದುವೆಯಾಗುತ್ತದೆ, ಮಗು ಆ ಊರಿನ ಶಾಲೆಗೆ ಹೋಗುತ್ತದೆ, ಕಾಯಿಲೆ ಬಿದ್ದಾಗ ಓಡಿಬರುವವರು ಆ ಬೀದಿಯವರೇ ಆಗಿರುತ್ತಾರೆ. ಇವುಗಳನ್ನೆಲ್ಲ ಮೊದಲೇ ಬರೆದುಕೊಟ್ಟುಬಿಡಲು ಯಾರಿಗೂ ಆಗದು. ಓದು ಮುಗಿದ ಮೇಲೆ ಮೂರು ವರ್ಷದವರೆಗೆ ವರ್ಕ್ ಪರ್ಮಿಟ್ ಕೊಟ್ಟು, ಆ ಅನುಭವಕ್ಕೆ ಅಂಕವಿಟ್ಟು ಆಸೆ ಬೆಳೆಸಿದ್ದೂ ಆ ಸರ್ಕಾರವೇ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಸಾಲ ಮಾಡಿಯೋ ಜಮೀನು ಮಾರಿಯೋ ಶುಲ್ಕ ಕಟ್ಟಲು ಆದವರು ಮಾತ್ರ ಅಲ್ಲಿಗೆ ಹೋದರು. ಅವರಿಗಿಂತ ಜಾಣರಾದ ಬಡವರು ಇಲ್ಲೇ ಉಳಿದರು. ವಾಸದ ವರ್ಷಗಳಿಗೆ ಹಕ್ಕು ಕೊಟ್ಟರೆ ಹಣಕ್ಕೇ ಹಕ್ಕು ಕೊಟ್ಟಂತಾಗದೇ? ಆಗುತ್ತದೆ, ಸ್ವಲ್ಪ ಮಟ್ಟಿಗೆ. ಇದನ್ನು ಪೂರ್ತಿ ಅಲ್ಲಗಳೆಯಲು ನನ್ನಿಂದಾಗುವುದಿಲ್ಲ. ಆದರೂ ಆ ಅನ್ಯಾಯ ನಡೆಯುವುದು ಮೊದಲ ಪ್ರವೇಶದಲ್ಲಿ, ಅದನ್ನು ಅಲ್ಲೇ ವಿದ್ಯಾರ್ಥಿವೇತನದಿಂದ, ಶುಲ್ಕ ಇಳಿಸುವುದರಿಂದ ಸರಿಪಡಿಸಬೇಕು. ಬೇರುಬಿಟ್ಟವರನ್ನು ಹತ್ತು ವರ್ಷದ ಮೇಲೆ ಕಿತ್ತು ಕಳಿಸಿದರೆ ಊರಲ್ಲುಳಿದ ಬಡವರಿಗೆ ಏನೂ ದಕ್ಕುವುದಿಲ್ಲ.

ವರ್ಷಗಳಿಗೆ ಹಕ್ಕು ಕೊಡುವುದು ನಮಗೆ ಅಪರಿಚಿತವೂ ಅಲ್ಲ. ಕರ್ನಾಟಕದ ಸಿಇಟಿಯಲ್ಲಿ ರಾಜ್ಯದ ಸೀಟಿಗೆ ಅರ್ಹತೆ ಪಡೆಯಲು ಇರುವ ಮುಖ್ಯ ದಾರಿಯೇ ಇಲ್ಲಿ ಏಳು ವರ್ಷ ಓದಿರುವುದು. ಆ ದಾರಿಯಲ್ಲಿ ಬರುವ ಮಗುವಿನ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ. ಜರ್ಮನಿಯ ಕಾನೂನಿನಲ್ಲೂ ಇಂಥದೇ ವ್ಯವಸ್ಥೆಯಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರು ಅರ್ಹತೆಗೆ ತಕ್ಕ ಕೆಲಸದಲ್ಲಿ ಎರಡು ವರ್ಷ ಇದ್ದು, 24 ತಿಂಗಳ ಪಿಂಚಣಿ ವಂತಿಗೆ ಕಟ್ಟಿ, ಬಿ1 ಮಟ್ಟದ ಜರ್ಮನ್ ಕಲಿತಿದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಷರತ್ತುಗಳು ಹಗುರವಲ್ಲ. ಆದರೆ ಅವು ಮುಂಚಿತವಾಗಿ ಗೊತ್ತಿರುತ್ತವೆ, ಡ್ರಾ ಇಲ್ಲ, ಮೂವತ್ತು ತುಂಬಿದ ತಪ್ಪಿಗೆ ಕಡಿತವಿಲ್ಲ.

ಕಾನೂನುಬದ್ಧವಾಗಿ ಐದು ವರ್ಷ ಓದಿ ದುಡಿದವರನ್ನು ಕೆನಡಾ ಕೇಳಬಹುದಾದ ಪ್ರಶ್ನೆಗಳು ಎರಡೇ ಇರಬೇಕು: ನಿಜವಾಗಿ ಇಲ್ಲಿ ಬಾಳಿದ್ದೀರಾ, ಇಲ್ಲಿನ ಕಾನೂನಿಗೆ ನಡೆದುಕೊಂಡಿದ್ದೀರಾ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಅವರಿಗೆ ಪಿಆರ್ ಕೊಡಬೇಕು.