ಹೊರೆ ಹೊತ್ತವನ ಕಾಯಕ

ದಾವಣಗೆರೆಯ ಕರೂರು ಇಂದು ಕೈಗಾರಿಕಾ ಪ್ರದೇಶವೆನಿಸಿದೆ. ಅಂಥ ಎಡೆಯಲ್ಲಿ ಚೀಲ ಹೊತ್ತವನ ಹೆಸರು ಚೀಲದ ಮೇಲೆ ಇರುವುದಿಲ್ಲ. ಸರಕು ಊರು ಸೇರುತ್ತದೆ. ಹೊತ್ತವನನ್ನು ಲೋಕವು ಮರೆಯುತ್ತದೆ. ಶಾಂತಿಕಾಲದ ಈ ಮರೆವು ಯುದ್ಧಕಾಲದಲ್ಲಿ ಇನ್ನೂ ಘೋರವಾದುದು.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ, ಆಯುಧ ಹಿಡಿಯದೆ ಭಾರತೀಯ ಸೈನ್ಯದಲ್ಲಿ ದುಡಿದವರು 5,50,000ಕ್ಕೂ ಹೆಚ್ಚು ಮಂದಿ. ಹೊರೆ ಹೊತ್ತವರು, ಹೇಸರಗತ್ತೆ ನಡೆಸಿದವರು, ಅಡಿಗೆ ಮಾಡಿದವರು, ಗಾಯಗೊಂಡವರನ್ನು ಡೋಲಿಯಲ್ಲಿ ಒಯ್ದವರು ಇವರಲ್ಲಿ ಸೇರಿದ್ದರು. ನೇಗಿಲನ್ನು ಬಿಟ್ಟು ಹೋದ ಒಕ್ಕಲುಮಕ್ಕಳು ಇವರಲ್ಲಿ ಅನೇಕರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಕಾಳಗದಲ್ಲಿ ಹೋರಾಡಿದ ಮೈಸೂರು ಅಶ್ವದಳಕ್ಕೆ ಬೆಂಗಳೂರಿನಲ್ಲಿ ಸ್ಮಾರಕವುಂಟು. ಹೊರೆ ಹೊತ್ತ ರೈತನಿಗಾದರೋ ಸಂಬಳವೂ ಕಡಿಮೆ, ಮನ್ನಣೆಯೂ ಕಡಿಮೆ. ಕನ್ನಡ ನಾಡಿಗೆ ಈ ಬಗೆಯ ಸೇವೆ ಹೊಸತಲ್ಲ. ಹೈದರಾಲಿ ಟಿಪ್ಪುಸುಲ್ತಾನರ ದಂಡಿನ ಸಾಮಗ್ರಿಯನ್ನು ಎಳೆದವು ಅಮೃತಮಹಲ್ ಎತ್ತುಗಳೇ.

ಇಂಥ ರೈತನ ಬಾಳು ಎರಡು ಪ್ರಶ್ನೆಗಳನ್ನು ಮುಂದಿಡುತ್ತದೆ. ಹೋರಾಡಿದವನಿಗಿಂತ ಹೊತ್ತವನು ಕೀಳೇ? ಶರಣರ ಉತ್ತರ ನಿಸ್ಸಂದಿಗ್ಧವಾದುದು. ಉಳುವ ಒಕ್ಕಲಿಗ ಮುದ್ದಣ್ಣ, ದನ ಕಾಯುವ ತುರುಗಾಹಿ ರಾಮಣ್ಣ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಇವರೆಲ್ಲರೂ ಶರಣಗಣದಲ್ಲಿ ಪೂಜ್ಯರು. ಕಾಯಕದಲ್ಲಿ ಮೇಲುಕೀಳಿಲ್ಲವೆಂದ ಮೇಲೆ ಹೊರೆಯೂ ಖಡ್ಗದಷ್ಟೇ ಗೌರವಕ್ಕೆ ಪಾತ್ರ.

ಎರಡನೆಯ ಪ್ರಶ್ನೆ ಕಠಿನವಾದುದು. “ನಾನು ಕೊಲ್ಲಲಿಲ್ಲ, ಹೊತ್ತೆನಷ್ಟೆ” ಎಂದು ಅವನು ನಿಶ್ಚಿಂತನಾಗಿರಬಹುದೇ? ಅವನು ಮುಟ್ಟಿಸಿದ ದವಸದಿಂದಲೇ ಸೈನ್ಯ ನಿಂತಿತು. ಅವನು ಹೊತ್ತ ಗುಂಡೇ ಯಾರದೋ ಎದೆಯನ್ನು ಸೇರಿತು. ದಯೆಯನ್ನೇ ಧರ್ಮದ ಬೇರೆಂದು ತಿಳಿದವನು ಇದನ್ನು ತನ್ನಿಂದ ತಾನೇ ಮರೆಮಾಚಿಕೊಳ್ಳಲಾರನು. ಹಸಿವಿಗಾಗಿ ಹೋದವನ ಪಾಲು, ಅವನನ್ನು ಕಳುಹಿದವರ ಪಾಲಿಗಿಂತ ಬಹು ಕಿರಿದು, ನಿಜ. ಆದರೂ ಕಿರಿದೆಂಬುದು ಇಲ್ಲವೆಂಬುದಲ್ಲ. ಹೊತ್ತುದು ಡೋಲಿಯಾಗಿದ್ದರೆ ಅದೇ ಹೆಗಲು ಜೀವವನ್ನು ಉಳಿಸಿತೆಂಬುದೂ ಅಷ್ಟೇ ಸತ್ಯ. ಆದುದರಿಂದ ದುಡಿಮೆಯೆಲ್ಲವೂ ಕಾಯಕವಲ್ಲ. ಏತಕ್ಕಾಗಿ, ಯಾರಿಗಾಗಿ ಎಂಬ ವಿಚಾರದಿಂದ ಶುದ್ಧವಾದ ದುಡಿಮೆಯೇ ಕಾಯಕ.

ಈ ವಿಚಾರಕ್ಕೆ ಆಯ್ದಕ್ಕಿ ಲಕ್ಕಮ್ಮನೇ ದಾರಿದೀಪ. ಪತಿ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಸತಿ ಅದನ್ನು ಒಳಗೆ ಸೇರಿಸಲಿಲ್ಲ. ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದಳು. ಅಕ್ಕಿ ಕದ್ದುದಲ್ಲ, ಆದರೂ ಅದರ ಹಿಂದಿನ ಮನಸ್ಸನ್ನು ಆಕೆ ಪರೀಕ್ಷಿಸಿದಳು. ಯುದ್ಧದಿಂದ ಮರಳಿ ನೇಗಿಲು ಹಿಡಿದ ರೈತನೂ ತಾನು ತಂದ ಸಂಬಳವನ್ನು ಹೀಗೆಯೇ ನೋಡಬೇಕಾದುದು. ಅದರಲ್ಲಿ ಒಂದು ಪಾಲು ಹಸಿದವರ ದಾಸೋಹಕ್ಕೆ ಸಂದರೆ, ದೂರದ ರಣಭೂಮಿಯ ನೆನಪು ಅವನ ಹೊಲದಲ್ಲಿ ಕರುಣೆಯಾಗಿ ಬೆಳೆದೀತು.

ಹೊತ್ತವನನ್ನು ಲೋಕವು ಮರೆಯಬಾರದು. ಹೊತ್ತುದೇನೆಂಬುದನ್ನು ಹೊತ್ತವನು ಮರೆಯಬಾರದು. ಈ ಎರಡೂ ಕೂಡಿದಲ್ಲಿಯೇ ಕಾಯಕಕ್ಕೆ ಕಳೆ, ಬಾಳಿಗೆ ನೆಲೆ.