ಅವ್ವನ ಉಸಿರು

ನಮ್ಮಣ್ಣನ ಮಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಹಾಡು ಕಟ್ಟುತ್ತಾನೆ. ರ್‍ಯಾಪ್ ಹಾಡುವ ಹುಡುಗರು ಬೇರೆ. ಹಿಂದಿನ ಬಡಿತ, ವಾದ್ಯಗಳನ್ನೆಲ್ಲ ಕೂಡಿಸುವವನು ಇವನು. ಅದಕ್ಕೆ ಪ್ರೊಡ್ಯೂಸರ್ ಎನ್ನುತ್ತಾರಂತೆ. ಪ್ರೊಡ್ಯೂಸರ್ ಎಂದರೆ ರೊಕ್ಕ ಹಾಕುವವನು ಎಂದೇ ತಿಳಿದಿದ್ದ ನನಗೆ, ಇವನಿಗೆ ಅಷ್ಟು ರೊಕ್ಕ ಎಲ್ಲಿಂದ ಬಂತು ಎಂದು ಮೊದಲು ಗಾಬರಿಯಾಗಿತ್ತು.

ದೀಪಾವಳಿಗೆ ಸಿಂಧನೂರಿಗೆ ಬಂದವನು ನನ್ನ ಹಳೆಯ ಕ್ಯಾಸೆಟ್ಟೊಂದನ್ನು ಒಯ್ದ. ಮಸ್ಕಿ ಹತ್ತಿರದ ನಮ್ಮೂರಲ್ಲಿ ಅವ್ವ ತೊಗರಿ ಒಡೆಯುತ್ತ ಹಾಡಿದ ಬೀಸುವ ಪದ ಅದರಲ್ಲಿದೆ. ಟೇಪ್ ರೆಕಾರ್ಡರ್ ಹಿಡಿದು ಕೂತವಳು ನಾನೇ. ಸಂಕ್ರಾಂತಿಯ ಹೊತ್ತಿಗೆ ಅದನ್ನು ಫೋನಿಗೆ ಕಳಿಸಿದ. ಧ್ವನಿ ತಿಳಿಯಾಗಿತ್ತು, ತಾಳ ಗಡಿಯಾರದಂತೆ ಕೂತಿತ್ತು. ಆದರೆ ಕಲ್ಲು ಭಾರವಾದಾಗ ಅವ್ವ ಉಸಿರು ಎಳೆದುಕೊಂಡು ಸಾಲನ್ನು ಅರೆಗಳಿಗೆ ತಡಮಾಡುತ್ತಿದ್ದಳಲ್ಲ, ಅದು ಇರಲಿಲ್ಲ.

‘ಛಂದ ಅದಪಾ. ಆದ್ರ ನಮ್ಮವ್ವ ಎಲ್ಲಿ ಹೋದ್ಲು?’ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಹೇಳಿದ: ಅಮೆರಿಕದ ಡೆಟ್ರಾಯಿಟ್ ಊರಿನಲ್ಲಿ ಜೆ ಡಿಲ್ಲಾ ಎಂಬುವನಿದ್ದ, 2006ರಲ್ಲಿ 32ನೇ ವಯಸ್ಸಿಗೇ ತೀರಿಕೊಂಡ. ತಾಳವನ್ನು ತಾನಾಗಿಯೇ ತಿದ್ದುವ ಸೌಲಭ್ಯ ಯಂತ್ರದಲ್ಲಿದ್ದರೂ ಎಷ್ಟೋ ಸಲ ಅದನ್ನು ಬಿಟ್ಟು, ಬೆರಳಿನಿಂದ ಬಡಿದದ್ದನ್ನು ಹಾಗೇ ಉಳಿಸುತ್ತಿದ್ದ. ಅವನ ಯಂತ್ರವನ್ನು ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ‘ನಾನು ಅವನ ಫೋಟೋ ಗ್ವಾಡಿಗೆ ಹಚ್ಚೀನಿ ಅತ್ತಿ, ಕೆಲಸ ಮಾತ್ರ ಉಲ್ಟಾ ಮಾಡೀನಿ’ ಎಂದ.

ಅವನನ್ನು ಬೈಯಲು ನನಗೇನು ಬಾಯಿದೆ? ಲಿಂಗಸುಗೂರಿನಲ್ಲಿದ್ದಾಗ ಹುಡುಗಿಯೊಬ್ಬಳು ಪ್ರಬಂಧದಲ್ಲಿ ‘ನಮ್ಮ ಆಯಿ ಹೊಲಕ್ಕ ಹೋಗ್ಯಾಳ’ ಎಂದು ಬರೆದಿದ್ದಳು. ಕೆಂಪು ಶಾಯಿಯಲ್ಲಿ ‘ನನ್ನ ಅಜ್ಜಿ ಹೊಲಕ್ಕೆ ಹೋಗಿದ್ದಾಳೆ’ ಎಂದು ತಿದ್ದಿದೆ. ಪರೀಕ್ಷೆಗೆ ಅದೇ ಬೇಕು, ನಿಜ. ಆದರೆ ನಾನು ತಿದ್ದಿದ ಮೇಲೆ ಹೊಲಕ್ಕೆ ಹೋದ ಆ ಅಜ್ಜಿ ಯಾರ ಅಜ್ಜಿಯೂ ಆಗಿರಲಿಲ್ಲ.

ಹೆಸರಿನ ಪ್ರಶ್ನೆಯೂ ಬಂತು. ಮಾನ್ವಿಯ ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ಇವತ್ತು ಯಾರೇ ಹಾಡಲಿ, ಕೊನೆಗೆ ಅವರ ಅಂಕಿತ ಬಂದೇ ಬರುತ್ತದೆ. ಬೀಸುವ ಪದಕ್ಕೆ ಎಲ್ಲಿಯ ಅಂಕಿತ? ಅವ್ವ ತನ್ನ ಅತ್ತೆಯಿಂದ ಕಲಿತಳು, ನಡುವೆ ತನ್ನ ತವರಿನ ಎರಡು ಸಾಲು ಸೇರಿಸಿದಳು. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿದೆ, ಕೆತ್ತಿದವನದಿಲ್ಲ. ಆದರೆ ಬ್ರಹ್ಮಗಿರಿಯ ಶಾಸನದಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿಕೊಂಡಿದ್ದಾನೆ. ಜಾಣ! ಹೆಂಗಸರಿಗೆ ಆ ಜಾಣತನ ಬರಲಿಲ್ಲವೋ, ಕೈಬಿಡುವಿರಲಿಲ್ಲವೋ.

ಹುಡುಗ ಉಸಿರನ್ನು ಮತ್ತೆ ಸೇರಿಸಿ, ಹಾಡಿದವಳೆಂದು ಅವ್ವನ ಹೆಸರು ಬರೆದ. ಹಾಡು ಮಾಡಿಸಿದವರು ಒಪ್ಪಲಿಲ್ಲ; ತಾಳ ತಪ್ಪಿದಂತೆ ಕೇಳಿಸುತ್ತದೆ, ಮೊದಲಿನದೇ ಕೊಡು ಎಂದರಂತೆ. ಮುಂಗಡ ಹೊಳ್ಳಿ ಕೊಟ್ಟುಬಿಟ್ಟ. ಆ ತಿಂಗಳ ಬಾಡಿಗೆಗೆ ನನಗೇ ಫೋನು ಬಂತು. ಹೆಮ್ಮೆಪಟ್ಟೆ ಎಂದರೆ ಪೂರ್ತಿ ಸತ್ಯವಾಗಲಿಕ್ಕಿಲ್ಲ, ಸಿಟ್ಟೂ ಬಂದಿತ್ತು.

ಯುಗಾದಿಗೆ ವೈನಿ ಬಂದಾಗ ಅದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಕೂತಿದ್ದವರು ಒಂದು ಕಡೆ ತಟ್ಟನೆ, ‘ಅತ್ತಿಗೆ ದಣಿವಾಗೇದ ನೋಡ್ರಿ ಇಲ್ಲಿ’ ಎಂದು, ಬೀಸುಕಲ್ಲಿನ ಗೂಟಕ್ಕೆ ಕೈ ಕೊಡುವವರಂತೆ ಎದ್ದೇಬಿಟ್ಟರು.